ಹಲ್ಲಿನ ತುದಿಗೆ ಒಂದು ಲೀಟರ್ ನೀರು

ನಮ್ಮ ಕ್ಯಾಂಟೀನಿನಲ್ಲಿ ಯಾವ ಮೇಜಿಗೆ ಕೂತರೂ ಕಿಟಕಿಯಲ್ಲಿ ಕಾಣುವುದು ಅದೇ: ದವಡೆಯಿಂದ ಮೇಲೆದ್ದ ಬಿಳಿ ಹಲ್ಲಿನಂಥ ಬಂಡೆ. ಹೆಸರೂ ಅದೇ, ದಾಂ ದ ಕ್ರೋಲ್, ಅಂದರೆ ಕ್ರೋಲ್‌ನ ಹಲ್ಲು. ಫ್ರಾನ್ಸಿನ ಗ್ರೆನೋಬ್ಲ್ ಪಕ್ಕದ ಊರು ಕ್ರೋಲ್. ಎಲೆಕ್ಟ್ರಾನಿಕ್ ಚಿಪ್ ತಯಾರಿಸುವ ಕೆಲಸಕ್ಕೆ ಬಂದವನು ನಾನು. ಈ ಹಲ್ಲಿನ ಎತ್ತರ 2062 ಮೀಟರ್. ಆಲ್ಪ್ಸ್ ಲೆಕ್ಕದಲ್ಲಿ ಇದನ್ನು ಯಾರೂ ದೊಡ್ಡ ಶಿಖರ ಅನ್ನುವುದಿಲ್ಲ. ಮೋಂ ಬ್ಲಾಂ ನೋಡಲು ಬರುವ ನಮ್ಮವರು ಈ ಕಡೆ ತಿರುಗಿಯೂ ನೋಡುವುದಿಲ್ಲ.

ನಾನು ಮಲೆನಾಡಿನವನು. ಕುದುರೆಮುಖ, ಕುಮಾರಪರ್ವತ ಹತ್ತಿ ಬೆಳೆದವನು. ಅಲ್ಲಿ ದಾರಿಯಲ್ಲಿ ಒಂದಲ್ಲ ಒಂದು ಹಳ್ಳ ಸಿಗುತ್ತದೆ, ಬೊಗಸೆಯಲ್ಲಿ ಕುಡಿದು ಬಾಟಲಿ ತುಂಬಿಸಿಕೊಂಡರೆ ಮುಗಿಯಿತು. ಆ ಧೈರ್ಯದಲ್ಲೇ ಜುಲೈ ತಿಂಗಳ ಒಂದು ಶನಿವಾರ ಒಂದೇ ಲೀಟರ್ ನೀರು, ಒಂದು ಡಬ್ಬಿ ಚಿತ್ರಾನ್ನ ಹಿಡಿದು ಹೊರಟೆ.

ಸಾಂ ಪಾಂಕ್ರಾಸ್ ಎಂಬ ಹಳ್ಳಿ ದಾಟಿ ಕೋಲ್ ದ್ಯು ಕೋಕ್ ಎಂಬ ಘಾಟಿಯವರೆಗೆ ಕಾರು ಹೋಗುತ್ತದೆ, ಅಲ್ಲೇ 1434 ಮೀಟರ್. ಹತ್ತಬೇಕಾದ್ದು ಆರುನೂರ ಚಿಲ್ಲರೆ ಮೀಟರ್ ಮಾತ್ರ, ಎರಡು ಗಂಟೆ ಸಾಕು. ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ. ನನ್ನ ಪ್ರಕಾರ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಕೂಡಿಕೊಳ್ಳುತ್ತದೆ, ಹಾಗಾಗಿ ಬೆಳಗ್ಗೆ ಏಳಕ್ಕೇ ಹೊರಟಿದ್ದೆ.

ಹುಲ್ಲುಗಾವಲು, ಕಾಡು, ಆಮೇಲೆ ಕೋಲ್ ದೇಜಾಯ್ ಎಂಬ ಇನ್ನೊಂದು ಘಾಟಿ. ಇಷ್ಟು ಹೊತ್ತಿಗೆ ಅರ್ಧ ಬಾಟಲಿ ಖಾಲಿ. ಹಳ್ಳ ಎಲ್ಲಿ? ಕಿವಿಗೊಟ್ಟು ಕೇಳಿದೆ. ಹಸುವಿನ ಕೊರಳಗಂಟೆ ಬಿಟ್ಟರೆ ಮತ್ತೇನಿಲ್ಲ. ಮುಂದೆ ಗೋಡೆಯಂತೆ ನಿಂತ ಬಂಡೆಯ ಬುಡದಲ್ಲಿ ಸಡಿಲ ಜಲ್ಲಿಕಲ್ಲಿನ ಏರು, ಅದರ ತುದಿಗೆ ಪಾ ದ ಲೋಯ್ ಎಂಬ ಸಂದು. ಒಂದೆರಡು ಕಡೆ ಕೈಯೂರಿ ಏರಬೇಕು. ಹಗ್ಗ ಬೇಕಿಲ್ಲ, ಆದರೆ ತಲೆ ತಿರುಗುವವರಿಗೆ ಹೋಗಿ ಎಂದು ನಾನು ಹೇಳುವುದಿಲ್ಲ.

ಅಲ್ಲಿ ಉಸಿರು ಬಿಡಲು ನಿಂತಾಗ ಮೂಗಿಗೆ ಗೇಣು ದೂರದಲ್ಲಿದ್ದ ಬಂಡೆ ನೋಡಿದೆ. ಬೂದು-ಬಿಳಿ ಕಲ್ಲಿನಲ್ಲಿ ಉಗುರಿನಷ್ಟು ದಪ್ಪದ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು. ಚಿಪ್ಪು! ಹತ್ತಿರಹತ್ತಿರ ಹನ್ನೆರಡು ಕೋಟಿ ವರ್ಷದ ಹಿಂದೆ ಬೆಚ್ಚನೆಯ ಸಮುದ್ರದಡಿ ಇದ್ದ ಜೀವಿಗಳದು. ನಮ್ಮಜ್ಜಿ ಎಲೆಗೆ ಹಚ್ಚಿಕೊಳ್ಳುತ್ತಿದ್ದದ್ದು ಕರಾವಳಿಯಿಂದ ಬರುತ್ತಿದ್ದ ಚಿಪ್ಪುಸುಣ್ಣ. ಈ ಇಡೀ ಬೆಟ್ಟವೇ ಚಿಪ್ಪುಸುಣ್ಣದ ಕಚ್ಚಾ ಮಾಲು ಎಂದು ಆ ಕ್ಷಣ ಹೊಳೆಯಿತು. ನೀರು ಯಾಕಿಲ್ಲ ಎಂಬುದೂ ಅದರ ಜೊತೆಗೇ. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಬಿರುಕು ಕೊರೆಯುತ್ತದೆ, ಬಿದ್ದ ನೀರೆಲ್ಲ ಅದರೊಳಗೆ ಇಳಿದುಹೋಗುತ್ತದೆ.

ಸಂದು ದಾಟಿದರೆ ಓರೆಯಾಗಿ ಏರುವ ಹುಲ್ಲಿನ ಹಾಸು, ಅಲ್ಲಲ್ಲಿ ಕತ್ತಿಯಂತೆ ಕೊರೆದ ಬಂಡೆ, ನಡುವೆ ಗುಂಡಿಗಳು. ಮಂಜು ಕವಿದಾಗ ದಾರಿ ಬಿಟ್ಟು ಅಡ್ಡಾಡಬೇಡಿ, ಕೆಲವು ಗುಂಡಿಗಳಿಗೆ ತಳವೇ ಕಾಣುವುದಿಲ್ಲ. ಈ ಬೆಟ್ಟ ಒಳಗೆ ಪೊಳ್ಳು. ಪಿಯೇರ್ ಶೆವಾಲಿಯೆ, ಫೆರ್ನಾಂ ಪೆಟ್ಜ್ಲ್ ಮುಂತಾದ ಗುಹೆ ಶೋಧಕರು ಎರಡನೇ ಮಹಾಯುದ್ಧದ ವರ್ಷಗಳಲ್ಲೂ ಇದರ ಗುಹೆಗಳಲ್ಲಿ ತೆವಳುತ್ತಲೇ ಇದ್ದರು. 1947ರಲ್ಲಿ 658 ಮೀಟರ್ ಆಳ ಮುಟ್ಟಿದಾಗ ಜಗತ್ತಿನಲ್ಲಿ ಅಷ್ಟು ಆಳದ ಗುಹೆ ಇನ್ನೊಂದು ಗೊತ್ತಿರಲಿಲ್ಲ. ಅದೇ ಪೆಟ್ಜ್ಲ್ ಹೆಸರಿನ ಕಂಪನಿ ಇವತ್ತೂ ಕ್ರೋಲ್‌ನಲ್ಲೇ ಇದೆ. ಬೆಂಗಳೂರಿನಲ್ಲಿ ರಾತ್ರಿ ಚಾರಣಕ್ಕೆಂದು ನಾನು ಕೊಂಡಿದ್ದ ಹಣೆದೀಪ ಅವರದ್ದೇ ಎಂದು ಇಲ್ಲಿಗೆ ಬಂದಮೇಲೆ ತಿಳಿಯಿತು.

ತುದಿಯಲ್ಲಿ ಒಂದು ಶಿಲುಬೆ, ಅದರಾಚೆ ನೆಲವೇ ಇಲ್ಲ. ಸುಮಾರು 1800 ಮೀಟರ್ ಕೆಳಗೆ ಇಜೇರ್ ನದಿಯ ಕಣಿವೆ, ಬೆಂಕಿಪೊಟ್ಟಣದಂಥ ನಮ್ಮ ಕಾರ್ಖಾನೆ. ದೂರದಲ್ಲಿ ಮೋಂ ಬ್ಲಾಂ, ಎದುರಿಗೆ ಬೆಲ್‌ಡೋನ್ ಬೆಟ್ಟಸಾಲು. ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ, ನೀರು ಮುಗಿದಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಪಾಡು ನೋಡಿ ತಮ್ಮ ಬಾಟಲಿ ಚಾಚಿದರು. "ನೀರು ಬೇಕಿದ್ದರೆ ಅಲ್ಲಿಗೆ ಹೋಗಬೇಕಿತ್ತು" ಎಂದು ಬೆಲ್‌ಡೋನ್ ಕಡೆ ಕೈ ತೋರಿಸಿ ನಕ್ಕರು. ಅದು ನೀರನ್ನು ಹೀಗೆ ಒಳಗಿಳಿಸದ ಗಟ್ಟಿ ಶಿಲೆ, ನಮ್ಮ ಘಟ್ಟದ ಹಾಗೆ. ಕೆರೆಗಳೆಲ್ಲ ಆ ಕಡೆಯೇ.

ಇಳಿಯುವಾಗ ಪೆಟ್ಟು ತಿಂದೆ. ಸಾವಿರಾರು ಬೂಟು ಸವೆಸಿದ ಸುಣ್ಣಕಲ್ಲು ಹಳೇ ದೇವಸ್ಥಾನದ ಮೆಟ್ಟಿಲಿನ ಹಾಗೆ ಹೊಳೆಯುತ್ತದೆ. ನಾಲ್ಕು ಹನಿ ಮಳೆ ಬಿದ್ದಿತ್ತು ಅಷ್ಟೇ. ನಮ್ಮ ಕಡೆಯ ಒರಟು ಬಂಡೆ ನಂಬಿದ ಕಾಲು ಇದನ್ನೂ ನಂಬಿತು. ಸಂದಿನ ಮೇಲಿನ ಮೂರನೇ ಹೆಜ್ಜೆಗೇ ಬಲಗಾಲು ಹೋಯಿತು. ಕುಂಡಿಯೂರಿ ಎರಡು ಮಾರು ಜಾರಿದೆ, ಮೊಣಕೈ ಸಿಪ್ಪೆ ಎದ್ದಿತು. ಆಮೇಲಿನ ಇಳಿಜಾರೆಲ್ಲ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿದೆ. ಮೊದಲೇ ಹಾಗೆ ಮಾಡಬೇಕಿತ್ತು. ಹೊಳೆಯುವ ಕಲ್ಲು ಬಿಟ್ಟು ಮಂಕಾದ ಕಲ್ಲಿಗೆ ಕಾಲಿಡುವುದನ್ನೂ ಅಲ್ಲೇ ಕಲಿತೆ. ಈಗ ಮೂರು ಲೀಟರ್ ಹೊರುತ್ತೇನೆ, ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ರಾತ್ರಿ ಅಜ್ಜಿಗೆ ಫೋನ್ ಮಾಡಿ ಚಿಪ್ಪಿನ ವಿಷಯ ಹೇಳಿದೆ.

"ಅಷ್ಟು ದೊಡ್ಡ ಸುಣ್ಣದ ಗುಡ್ಡೆ ಹತ್ತಿ ಬರಿಗೈಲಿ ಬಂದ್ಯಾ?"

"ಅದು ರಕ್ಷಿತ ಜಾಗ ಅಜ್ಜಿ, ಒಂದು ಕಲ್ಲೂ ತರೋ ಹಾಗಿಲ್ಲ."

"ಹೌದಾ. ಮತ್ತೆ ಚಿತ್ರಾನ್ನಕ್ಕೆ ಶೇಂಗಾ ಹಾಕಿದ್ಯಾ?"