ಬೆಂಗಳೂರಿನ ಎಸ್‌ಪಿ ರೋಡಲ್ಲಿ ರೀಫರ್ಬಿಶ್ಡ್ ಡೆಸ್ಕ್‌ಟಾಪ್ ತಗೊಂಡೆ, ನನ್ನ ಅನುಭವ

ಮನೆಗೆ ಒಂದು ಕಂಪ್ಯೂಟರ್ ಬೇಕು, ಇಪ್ಪತ್ತು ಸಾವಿರದ ಆಸುಪಾಸಲ್ಲಿ ಮಾನಿಟರ್ರು ಯುಪಿಎಸ್ಸು ಎಲ್ಲಾ ಸೇರಿ ಮುಗೀಬೇಕು ಅನ್ನೋರಿಗೆ ಇದನ್ನ ಬರೀತಿದೀನಿ. ನಮ್ದು ತುಮಕೂರು. ನಮ್ಮನೆಯವ್ರು ಹೈಸ್ಕೂಲ್ ಟೀಚರ್ರು, ಪ್ರಶ್ನೆಪತ್ರಿಕೆ ಟೈಪ್ ಮಾಡ್ಬೇಕು, ನುಡಿ ಕೀಬೋರ್ಡ್ ಇಲ್ದೆ ಅವ್ರ ಕೈ ಓಡಲ್ಲ. ಮಗ ಸೆಕೆಂಡ್ ಪಿಯು, ಅವನಿಗೆ ಸಿಇಟಿ ಕ್ಲಾಸಿನ ವಿಡಿಯೋ. ಅಪ್ಪಂಗೆ ಯೂಟ್ಯೂಬಲ್ಲಿ ಹಳೇ ರಂಗಗೀತೆಗಳು, ಮೊಬೈಲಲ್ಲಿ ಕಣ್ಣು ಕಾಣಲ್ಲ ಅಂತ ದಿನಾ ಒಂದೇ ರಗಳೆ. ಈ ಕೆಲಸಕ್ಕೆ ಶೋರೂಮಲ್ಲಿ ಈ ದುಡ್ಡಿಗೆ ಸಿಗೋ ಹೊಸ ಲ್ಯಾಪ್‌ಟಾಪ್ ನೋಡ್ದೆ, ಸೆಲೆರಾನ್ ಪ್ರೊಸೆಸರ್ರು, 4 ಜಿಬಿ ರ‍್ಯಾಮು, ಕ್ರೋಮ್ ಓಪನ್ ಮಾಡಿ ನಾಲ್ಕು ಟ್ಯಾಬ್ ಇಟ್ರೆ ಅಲ್ಲೇ ಏದುಸಿರು ಬಿಡತ್ತೆ. ಅದಕ್ಕಿಂತ ಕಂಪನಿಗಳಲ್ಲಿ ಓಡಿ ಹೊರಗೆ ಬಂದಿರೋ ಡೆಸ್ಕ್‌ಟಾಪೇ (ರೀಫರ್ಬಿಶ್ಡ್ ಅನ್ನೋದು ಇದನ್ನೇ) ವಾಸಿ ಅಂತ ತೀರ್ಮಾನ ಮಾಡಿದ್ದು ಅದನ್ನ ನೋಡ್ಮೇಲೇನೇ.

ಈ ಡಬ್ಬಗಳು ಎಲ್ಲಿಂದ ಬರತ್ವೆ ಅಂದ್ರೆ, ಬೆಂಗಳೂರಿನ ಐಟಿ ಕಂಪನಿ, ಕಾಲ್ ಸೆಂಟರ್, ಬ್ಯಾಂಕು ಇವ್ರೆಲ್ಲಾ ಮೂರು ನಾಲ್ಕು ವರ್ಷ ಉಪಯೋಗ್ಸಿ ಲಾಟ್‌ಗಟ್ಟಲೆ ಎತ್ತಿ ಹಾಕ್ತಾರೆ. ಎಸಿ ರೂಮಲ್ಲಿ ಇದ್ದಿದ್ದು, ಯಾರೂ ಗೇಮ್ ಆಡಿರಲ್ಲ, ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೋವೋ ಥಿಂಕ್‌ಸೆಂಟರ್ ಇವೆಲ್ಲಾ ಆಫೀಸಿಗೆ ಅಂತಾನೇ ಮಾಡಿದ್ದು, ಮನೆ ಮಾಡೆಲ್‌ಗಳಿಗಿಂತ ಗಟ್ಟಿ. ಅಂಗಡಿಯವ್ರು ಧೂಳು ಹೊಡ್ದು, ಒಂದು ಎಸ್‌ಎಸ್‌ಡಿ (ಫೈಲ್ ಎಲ್ಲಾ ಕೂರೋ ವೇಗದ ಡಿಸ್ಕು) ಹಾಕಿ, ವಿಂಡೋಸ್ ತುಂಬಿ ಇಡ್ತಾರೆ. ಕೆಲವ್ರು ಗೀರು ಬಿದ್ದಿರೋ ಕಡೆ ಕಪ್ಪು ಸ್ಟಿಕ್ಕರ್ ಅಂಟ್ಸಿರ್ತಾರೆ. ಗೀರು ಇದ್ರೆ ಇರ್ಲಿ ಬಿಡಿ, ಟೇಬಲ್ ಕೆಳಗೆ ಇಡೋ ಡಬ್ಬಕ್ಕೆ ಬಣ್ಣ ಯಾಕೆ.

ಎಸ್‌ಪಿ ರೋಡಿಗೆ ಹೋಗೋದು ಈಗ ತುಮಕೂರಿನವ್ರಿಗೆ ಸಲೀಸು, ಬಸ್ಸಲ್ಲಿ ಮಾದಾವರದ ತನಕ ಹೋಗಿ ಅಲ್ಲಿಂದ ಗ್ರೀನ್ ಲೈನ್ ಮೆಟ್ರೋ ಹತ್ತಿದ್ರೆ ಚಿಕ್ಕಪೇಟೆಯಲ್ಲಿ ಇಳಿಯೋದು, ಆಮೇಲೆ ನಡ್ಕೊಂಡೇ ಹೋಗ್ಬೋದು. ಭಾನುವಾರ ಹೋಗ್ಬೇಡಿ, ಮುಕ್ಕಾಲು ಅಂಗಡಿ ಬಾಗಿಲು ಹಾಕಿರತ್ತೆ.

ಈಗ ಮುಖ್ಯವಾದ ವಿಷ್ಯ. ಅಲ್ಲಿ ಕಾಲಿಟ್ಟ ತಕ್ಷಣ ಎಲ್ರೂ ಹೇಳೋದು ಒಂದೇ ಮಾತು, "ಐ5 ಇದೆ ಬನ್ನಿ ಸರ್". ಐ5 ಅನ್ನೋದು ಇಂಟೆಲ್ ಕಂಪನಿ ಪ್ರೊಸೆಸರಿನ ಒಂದು ದರ್ಜೆ, ಐ3 ಅದಕ್ಕಿಂತ ಕೆಳಗಿಂದು. ಒಂದು ಅಂಗಡೀಲಿ ನಾನು "ಯಾವ ಜನರೇಶನ್ ಅಣ್ಣಾ" ಅಂತ ಕೇಳಿದ್ದಕ್ಕೆ "ಜನರೇಶನ್ ಎಲ್ಲಾ ಯಾಕೆ ಸರ್, ಐ5 ಅಂದ್ರೆ ಐ5, ಮನೆಗೆ ತಾನೇ" ಅಂದ್ರು. ನೋಡಿದ್ರೆ ಐ5-4570. ಐ5 ಆದ್ಮೇಲೆ ಬರೋ ನಂಬರ್ರೇ ಇಲ್ಲಿ ಜೀವಾಳ. 4570 ಅಂದ್ರೆ ನಾಲ್ಕನೇ ಜನರೇಶನ್ನು, 2013ರದು, ಅದಕ್ಕೆ ಹಾಕೋ ರ‍್ಯಾಮೂ ಹಳೇ ಡಿಡಿಆರ್3. 6500 ಅಂದ್ರೆ ಆರನೇದು, 2015ರದು. 8500 ಅಂದ್ರೆ ಎಂಟನೇದು, 2018ರದು. ಏಳನೇ ಜನರೇಶನ್ ತನಕ ಡೆಸ್ಕ್‌ಟಾಪ್ ಐ5ಗೆ ನಾಲ್ಕು ಕೋರು (ಪ್ರೊಸೆಸರ್ ಒಳಗೆ ಒಟ್ಟಿಗೆ ಕೆಲಸ ಮಾಡೋ ಭಾಗಗಳು), ಎಂಟನೇದ್ರಿಂದ ಆರು ಕೋರು. ಎಂಟನೇ ಜನರೇಶನ್ನಿನ ಐ3-8100ರಲ್ಲೂ ನಾಲ್ಕು ಕೋರ್ ಇದೆ, ಅಂದ್ರೆ ಅದು ಹಳೇ ಐ5ಗಳಿಗೆ ಏನೂ ಕಮ್ಮಿ ಇಲ್ಲ, ಹಂಗಾಗಿ ಐ3 ಅಂತ ಮೂಗು ಮುರೀಬೇಡಿ.

ಎಂಟು ಅಂತ ನಾನು ಯಾಕೆ ಹಟ ಹಿಡ್ದೆ ಅಂದ್ರೆ ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಗೆ ಮೈಕ್ರೋಸಾಫ್ಟ್‌ನವ್ರು ಒಪ್ಪೋದು ಇಂಟೆಲ್‌ನಲ್ಲಾದ್ರೆ ಎಂಟನೇ ಜನರೇಶನ್ನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಇರ್ಬೇಕು. ಕಂಪನಿಗಳು ಆರನೇದು ಏಳನೇದು ಎಲ್ಲಾ ಹೊರಗೆ ಹಾಕಿದ್ದು ಇದೇ ಕಾರಣಕ್ಕೆ, ಅವು ಅಷ್ಟು ಅಗ್ಗ ಆಗಿರೋದೂ ಇದೇ ಕಾರಣಕ್ಕೆ. ಇಲ್ಲೊಂದು ಚಾಲಾಕಿತನ ಇದೆ ನೋಡಿ, ಆರನೇ ಜನರೇಶನ್ ಮಿಷಿನ್‌ಗೂ ಚೆಕ್ಕಿಂಗ್ ತಪ್ಸಿ ವಿಂಡೋಸ್ 11 ಹಾಕ್ಬೋದು, ಹಾಕಿಟ್ಟಿರ್ತಾರೆ, ಆನ್ ಮಾಡಿ "ನೋಡಿ ಸರ್ ವಿಂಡೋಸ್ 11 ಓಡ್ತಿದೆ" ಅಂತ ತೋರಿಸ್ತಾರೆ. ಓಡತ್ತೆ, ಸುಳ್ಳಲ್ಲ, ಆದ್ರೆ ವರ್ಷಕ್ಕೊಂದ್ಸಲ ಬರೋ ದೊಡ್ಡ ಅಪ್‌ಡೇಟು ತಾನಾಗೇ ಬರಲ್ಲ, ಮತ್ತೆ ಅದೇ ಸರ್ಕಸ್ಸು ನಾವು ಮಾಡ್ಬೇಕು. ವಿಂಡೋಸ್ ಬದಲು ಹಾಕ್ಕೊಳೋ ಲಿನಕ್ಸ್ ಗೊತ್ತಿರೋರಿಗೆ ಈ ತಲೆನೋವಿಲ್ಲ, ನನ್ನ ಸ್ನೇಹಿತ್ರೊಬ್ರು ಐ5-6500 ಇರೋದನ್ನ ಎಂಟು ಸಾವಿರಕ್ಕೆ ತಗೊಂಡು ಲಿನಕ್ಸ್ ಮಿಂಟ್ ಹಾಕ್ಕೊಂಡು ಆರಾಮಾಗಿದಾರೆ. ನಮ್ಮನೇಲಿ ನುಡಿ ಬೇಕು, ಅದಕ್ಕೆ ವಿಂಡೋಸೇ ಗತಿ.

ಮಾಡೆಲ್ ನಂಬರಲ್ಲೇ ಹಿಡಿಯೋಕೆ ಒಂದು ಉಪಾಯ ಹೇಳ್ತೀನಿ. ಡೆಲ್ ಆಪ್ಟಿಪ್ಲೆಕ್ಸಲ್ಲಿ 3060, 5060, 7060 ಹೀಗೆ ಕೊನೆಗೆ 60 ಬಂದ್ರೆ ಎಂಟನೇ ಜನರೇಶನ್ನು, 50 ಬಂದ್ರೆ ಅದ್ರ ಹಿಂದಿಂದು. ಎಚ್‌ಪಿಲಿ ಎಲೈಟ್‌ಡೆಸ್ಕ್ 800 ಜಿ4, ಪ್ರೊಡೆಸ್ಕ್ 600 ಜಿ4. ಲೆನೋವೋದಲ್ಲಿ ಎಂ720, ಎಂ920. ಈ ನಂಬರ್ ಒಂದು ಚೀಟೀಲಿ ಬರ್ಕೊಂಡು ಹೋಗಿದ್ದೆ, ಅಂಗಡಿಯವ್ರ ಮಾತಿನ ಭರಾಟೇಲಿ ಮರ್ತೋಗಬಾರ್ದು ಅಂತ.

ನಾನು ಕೊನೆಗೆ ತಗೊಂಡಿದ್ದು ಆಪ್ಟಿಪ್ಲೆಕ್ಸ್ 5060, ಎಸ್‌ಎಫ್‌ಎಫ್ ಅಂತಾರಲ್ಲ ಆ ಸಣ್ಣ ಡಬ್ಬ, ಐ5-8500, 8 ಜಿಬಿ ರ‍್ಯಾಮು, 256 ಜಿಬಿ ಎಸ್‌ಎಸ್‌ಡಿ. 14,500 ಅಂದ್ರು, ಚೌಕಾಸಿ ಮಾಡಿ 12,800ಕ್ಕೆ ಬಂತು, ಜಿಎಸ್‌ಟಿ ಬಿಲ್ ಸೇರಿ. ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ ಅಂದ್ರು, ಬೇಡ ಅಂದೆ. ಬಿಲ್ ಇಲ್ದೆ ವಾರಂಟಿ ಅಂದ್ರೆ ಬರೀ ಬಾಯ್ಮಾತು. ಅಷ್ಟೇ ಅಲ್ಲ, ಬಿಲ್ಲಿನ ಮೇಲೆ ಆ ಮಿಷಿನ್ನಿನ ಸರ್ವಿಸ್ ಟ್ಯಾಗ್ ಬರ್ಸಿಕೊಳ್ಳಿ, ಡೆಲ್‌ನಲ್ಲಿ ಅದು ಏಳು ಅಕ್ಷರದ್ದು, ಡಬ್ಬದ ಮೇಲೆ ಅಂಟ್ಸಿರತ್ತೆ. ಆ ಟ್ಯಾಗನ್ನ ಡೆಲ್ ವೆಬ್‌ಸೈಟಲ್ಲಿ ಹಾಕಿದ್ರೆ ಫ್ಯಾಕ್ಟರಿಯಿಂದ ಯಾವಾಗ ಹೊರಟಿದ್ದು, ಆಗ ಒಳಗೆ ಏನೇನಿತ್ತು ಎಲ್ಲಾ ಬರತ್ತೆ, ಅಂಗಡೀಲಿ ನಿಂತ್ಕೊಂಡೇ ಮೊಬೈಲಲ್ಲಿ ನೋಡ್ಬೋದು.

ದುಡ್ಡು ಕೊಡೋ ಮುಂಚೆ ಅರ್ಧ ಗಂಟೆ ಕೌಂಟರ್ ಮುಂದೆ ಕೂತು ಚೆಕ್ ಮಾಡ್ದೆ. ಇದಕ್ಕೆ ಒಪ್ಪದ ಅಂಗಡಿಯಿಂದ ಹಾಗೇ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದಿರತ್ತೆ. ಮೊದ್ಲು ಆನ್ ಮಾಡೋವಾಗ ಎಫ್2 ಒತ್ತಿ ಬಯಾಸ್ (ವಿಂಡೋಸ್‌ಗೂ ಮುಂಚೆ ಬರೋ ಮಿಷಿನ್ನಿನ ಮೂಲ ಸೆಟ್ಟಿಂಗ್) ಒಳಗೆ ಹೋದೆ, ಎಚ್‌ಪಿ ಆದ್ರೆ ಎಫ್10, ಲೆನೋವೋ ಆದ್ರೆ ಎಫ್1. ಅಲ್ಲಿ ಪಾಸ್‌ವರ್ಡ್ ಕೇಳಿದ್ರೆ ಆ ಮಿಷಿನ್ ಬೇಡ್ವೇ ಬೇಡ, ಹಳೇ ಕಂಪನಿ ಹಾಕಿದ ಬೀಗ ಅದು, ಮುಂದೆ ಪೆನ್‌ಡ್ರೈವಿಂದ ವಿಂಡೋಸ್ ಹಾಕೋಕೂ ಆಗ್ದೇ ಇರ್ಬೋದು. ಅಲ್ಲೇ ಕಂಪ್ಯೂಟ್ರೇಸ್ ಅಥವಾ ಅಬ್ಸಲ್ಯೂಟ್ ಅಂತ ಒಂದು ಸಾಲು ಇರತ್ತೆ, ಆಕ್ಟಿವೇಟೆಡ್ ಅಂತಿದ್ರೆ ಅದೂ ಬೇಡ, ಕಳ್ಳತನ ಆದ್ರೆ ಹುಡುಕೋಕೆ ಅಂತ ಕಂಪನಿಗಳು ಹಾಕೋದು ಅದು. ಟೈಮು ತಾರೀಖು ಎಲ್ಲೋ ಹಳೇ ವರ್ಷಕ್ಕೆ ಹೋಗಿದ್ರೆ ಮಾತ್ರ ಗಾಬರಿ ಬೇಡ, ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿದೆ ಅಷ್ಟೇ, ವಾಚ್ ಅಂಗಡೀಲೂ ಸಿಗತ್ತೆ, ಹೊಸದು ಹಾಕ್ಕೊಡಿ ಅಂದ್ರೆ ಅವ್ರೇ ಹಾಕ್ತಾರೆ.

ಡೆಲ್‌ನಲ್ಲಿ ಎಫ್12 ಒತ್ತಿದ್ರೆ ಡಯಾಗ್ನಾಸ್ಟಿಕ್ಸ್ ಅಂತ ಬರತ್ತೆ, ಫ್ಯಾನು ರ‍್ಯಾಮು ಡಿಸ್ಕು ಎಲ್ಲಾ ಅದೇ ಪರೀಕ್ಷೆ ಮಾಡತ್ತೆ, ಅದನ್ನ ಓಡೋಕೆ ಬಿಟ್ಟು ಟೀ ತರಿಸ್ಕೊಂಡೆ. ಆಮೇಲೆ ವಿಂಡೋಸ್ ಒಳಗೆ ಟಾಸ್ಕ್ ಮ್ಯಾನೇಜರ್ ತೆಗೆದು ಪ್ರೊಸೆಸರ್ ಹೆಸ್ರು ಕಣ್ಣಾರೆ ನೋಡ್ದೆ, ರ‍್ಯಾಮ್ ಒಂದೇ ಸ್ಲಾಟಲ್ಲಿ 8 ಜಿಬಿ ಇದ್ಯಾ ಅಥವಾ ನಾಲ್ಕು ನಾಲ್ಕು ಎರಡಿದ್ಯಾ ಅಂತಾನೂ ಅಲ್ಲೇ ಗೊತ್ತಾಗತ್ತೆ. ಪೆನ್‌ಡ್ರೈವಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ಕೊಂಡು ಹೋಗಿದ್ದೆ, ಇದೊಂದು ಸಣ್ಣ ಫ್ರೀ ಸಾಫ್ಟ್‌ವೇರು, ಡಿಸ್ಕ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಪರ್ಸೆಂಟ್ ಅಂತ ಹೇಳತ್ತೆ. ಮೊದ್ಲು ತೋರ್ಸಿದ ಮಿಷಿನ್ನಲ್ಲಿ ಡಿಸ್ಕು ಇಪ್ಪತ್ತು ಸಾವಿರ ಗಂಟೆ ಹತ್ರ ಓಡಿತ್ತು, ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರ್ಸ್ತಿತ್ತು. ಅಂಗಡಿ ಹುಡುಗ ಅದನ್ನ ನೋಡಿ "ಇದೇನ್ ಸರ್, ನೀವು ಡಾಕ್ಟ್ರಾ" ಅಂತ ನಕ್ಕು ಮಾತಾಡ್ದೆ ಬೇರೆ ಹಾಕಿಕೊಟ್ಟ. ಎಲ್ಲಾ ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿ, ಮುಂದಿನ ಪೋರ್ಟುಗಳು ಆಫೀಸಲ್ಲಿ ಎಳೆದಾಡಿ ಸಡಿಲ ಆಗಿರತ್ವೆ.

ಇನ್ನು ಅಂಗಡಿಯವ್ರು ಹೇಳದೇ ಇರೋ ಖರ್ಚುಗಳು. ಈ ಡಬ್ಬದ ಹಿಂದ್ಗಡೆ ಇರೋದು ಮಾನಿಟರ್ ಸಿಕ್ಸೋಕೆ ಎರಡು ಡಿಸ್‌ಪ್ಲೇಪೋರ್ಟು, ಎಚ್‌ಡಿಎಂಐ ಇಲ್ಲ. ಹಾಗಾಗಿ ಡಿಸ್‌ಪ್ಲೇಪೋರ್ಟಿಂದ ಎಚ್‌ಡಿಎಂಐಗೆ ಹೋಗೋ ಕೇಬಲ್ ಬೇಕು, ಉಲ್ಟಾ ಕೇಬಲ್ ತಗೊಂಡ್ರೆ ಕೆಲಸ ಮಾಡಲ್ಲ, ಕೇಳಿ ತಗೊಳ್ಳಿ. ಟಿವಿಗೆ ಹಾಕ್ಕೊಳೋರಿಗೂ ಅದೇ ಕೇಬಲ್ಲು. ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಕ್ಯಾಮೆರಾ ಮೈಕು ಇಲ್ಲ. ವೈಫೈಗೆ ಐನೂರು ರೂಪಾಯಿ ಯುಎಸ್‌ಬಿ ಡಾಂಗಲ್ ಹಾಕ್ದೆ. ಮಾನಿಟರ್ 22 ಇಂಚಿಂದು ಹಳೇದೇ 3,200ಕ್ಕೆ ಸಿಕ್ತು, ಅದ್ರಲ್ಲಿ ಪೂರ್ತಿ ಬಿಳಿ ಪೂರ್ತಿ ಕಪ್ಪು ಸ್ಕ್ರೀನ್ ಹಾಕಿ ಚುಕ್ಕೆ ಇದ್ಯಾ ನೋಡ್ಕೊಂಡೆ. ಕೀಬೋರ್ಡ್ ಮೌಸ್ ಮಾತ್ರ ಹೊಸದು, ಯಾರ್ ಯಾರೋ ಊಟ ಮಾಡ್ತಾ ಕುಟ್ಟಿರೋ ಕೀಬೋರ್ಡ್ ಮನೆಗೆ ಬೇಡ. ಯುಪಿಎಸ್ 600 ವಿಎ ಹೊಸದು, ತುಮಕೂರಲ್ಲೇ ತಗೊಂಡೆ, ಮೂರು ಸಾವಿರದ ಹತ್ರ. ಅದಕ್ಕಿಂತ ದೊಡ್ಡದು ಬೇಕಿಲ್ಲ, ಈ ಡಬ್ಬದ ಪವರ್ ಸಪ್ಲೈನೇ 200 ವ್ಯಾಟಿಂದು. ಎಲ್ಲಾ ಸೇರಿ ಇಪ್ಪತ್ತು ಸಾವಿರ ದಾಟಿ ಐನೂರು ಚಿಲ್ಲರೆ ಆಯ್ತು. ಡಬ್ಬ ಐದು ಕೆಜಿ ಮೇಲೆ ಸ್ವಲ್ಪ, ಬ್ಯಾಗಿಗೆ ಹಾಕ್ಕೊಂಡು ಬಂದೆ, ಮಾನಿಟರ್ ಮಗನ ಕೈಲಿ.

ಮನೆಗೆ ತಂದು ಅವ್ರು ಹಾಕಿದ್ದ ವಿಂಡೋಸ್ ಪೂರ್ತಿ ಅಳಿಸ್ದೆ. ಅದ್ರಲ್ಲಿ ಕ್ರ್ಯಾಕ್ ಮಾಡಿದ ಆಫೀಸು, ಯಾವ್ದೋ ಆಂಟಿವೈರಸ್ಸು ತುಂಬಿದ್ರು, ಅಂಥದ್ರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹೊಡೆಯೋಕೆ ನಂಗೆ ಧೈರ್ಯ ಇಲ್ಲ. ಮೈಕ್ರೋಸಾಫ್ಟ್ ಸೈಟಿಂದಲೇ ವಿಂಡೋಸ್ 11 ಇಳ್ಸಿ 8 ಜಿಬಿ ಪೆನ್‌ಡ್ರೈವಿಗೆ ಹಾಕಿ ಹೊಸದಾಗಿ ತುಂಬ್ದೆ. ಕೀ ಏನೂ ಕೇಳ್ಲಿಲ್ಲ, ಕಂಪನಿಗೆ ಬಂದಾಗ್ಲೇ ವಿಂಡೋಸ್ 10 ಪ್ರೋ ಜೊತೆ ಬಂದಿರೋ ಮಿಷಿನ್ನು, ಲೈಸೆನ್ಸ್ ಬಯಾಸ್ ಒಳಗೇ ಕೂತಿರತ್ತೆ, ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಯ್ತು. ಇನ್‌ಸ್ಟಾಲ್ ಮಾಡೋವಾಗ ನೆಟ್ ಬೇಕೇ ಬೇಕು ಅಂತ ಹಟ ಮಾಡತ್ತೆ, ಡಾಂಗಲ್ಲಿನ ಡ್ರೈವರ್ ಇನ್ನೂ ಇರಲ್ಲ, ಆಗ ಮೊಬೈಲನ್ನ ಯುಎಸ್‌ಬಿ ಕೇಬಲಲ್ಲಿ ಸಿಕ್ಸಿ ಟೆದರಿಂಗ್ ಆನ್ ಮಾಡಿದ್ರೆ ಆಗೋಯ್ತು. ಆಫೀಸಿಗೆ ಲಿಬ್ರೆಆಫೀಸ್ ಹಾಕ್ದೆ, ನುಡಿ ಹಾಕ್ದೆ, ನಮ್ಮನೆಯವ್ರ ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಓಪನ್ ಆದ್ವು. ನುಡಿ ಬರ್ದೇ ಇರೋರಿಗೆ ವಿಂಡೋಸಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ, ಲ್ಯಾಂಗ್ವೇಜ್ ಸೆಟ್ಟಿಂಗಲ್ಲಿ ಸೇರಿಸ್ಕೊಂಡ್ರೆ ಆಯ್ತು.

ಮಗ ಮೊದ್ಲು ಕೇಳಿದ್ದು "ಅಪ್ಪಾ, ಇದ್ರಲ್ಲಿ ಜಿಟಿಎ ಓಡತ್ತಾ". ಗ್ರಾಫಿಕ್ಸ್ ಕಾರ್ಡ್ ಇಲ್ಲ, ಓಡಲ್ಲ ಅಂದೆ. ಸೆಟ್ಟಿಂಗ್ ಪೂರ್ತಿ ಕೆಳಗೆ ಇಳ್ಸಿದ್ರೆ ಓಡತ್ತೆ ಅಂತ ಅವನೇ ಕಂಡುಹಿಡ್ದ, ಸಿಇಟಿ ಗತಿ ದೇವ್ರೇ ಬಲ್ಲ. ಗೇಮ್‌ಗೇ ಅಂತ ತಗೊಳೋರು ಈ ಸಣ್ಣ ಡಬ್ಬ ತಗೋಬೇಡಿ, ಗಿಡ್ಡ ಕಾರ್ಡ್ ಮಾತ್ರ ಹಿಡಿಯತ್ತೆ, 200 ವ್ಯಾಟಲ್ಲಿ ದೊಡ್ಡ ಕಾರ್ಡ್ ಎಳೆಯಲ್ಲ, ಪವರ್ ಸಪ್ಲೈ ಬದಲಾಯಿಸೋಣ ಅಂದ್ರೆ ಡೆಲ್‌ನವ್ರ ಕನೆಕ್ಟರೇ ಬೇರೆ. ಮಾಮೂಲಿ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ, ಅಪ್ಪನ ಯೂಟ್ಯೂಬ್ ಒಂದ್ಕಡೆ ಓಡ್ತಿದ್ರೂ ಟೈಪಿಂಗ್ ನಿಲ್ಲಲ್ಲ. ಇನ್ನೊಂದು 8 ಜಿಬಿ ರ‍್ಯಾಮ್ ಸೇರಿಸೋ ಪ್ಲಾನ್ ಇತ್ತು, ಖಾಲಿ ಸ್ಲಾಟ್ ಇದೆ, ಆದ್ರೆ 2025ರ ಕೊನೆಯಿಂದ ರ‍್ಯಾಮ್ ರೇಟ್ ಸಿಕ್ಕಾಪಟ್ಟೆ ಏರಿದೆ. ನೀವು ಈಗ ತಗೊಳೋದಾದ್ರೆ ಮಿಷಿನ್ ಜೊತೆಗೇ 16 ಜಿಬಿ ಹಾಕಿಸ್ಕೊಂಡು ಒಟ್ಟಿಗೆ ಚೌಕಾಸಿ ಮಾಡಿ, ಬಿಡಿ ಬಿಡಿಯಾಗಿ ತಗೊಂಡ್ರೆ ಜಾಸ್ತಿ ಬೀಳತ್ತೆ. ನಾವು ಸದ್ಯಕ್ಕೆ 8ರಲ್ಲೇ ಇದೀವಿ, ಮಗ ಕ್ರೋಮಲ್ಲಿ ಇಪ್ಪತ್ತು ಮೂವತ್ತು ಟ್ಯಾಬ್ ಬಿಟ್ಟು ಎದ್ದು ಹೋದಾಗ ಮಾತ್ರ ಸ್ವಲ್ಪ ಎಳೆಯತ್ತೆ.