ರೋಗ ತಡೆಯುವ ಶಕ್ತಿ ಕಮ್ಮಿ ಇರುವ ಬೆಕ್ಕನ್ನು ವೈರಸ್‌ಗಳಿಂದ ಕಾಪಾಡಿಕೊಳ್ಳುವುದು ಹೇಗೆ

ನಮ್ಮ ಗಂಗಾವತಿಯಲ್ಲಿ ರೈಸ್ ಮಿಲ್ ಜಾಸ್ತಿ. ಮಿಲ್ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ನಮ್ಮ ಬೂದ್ಯಾ ಕೂಡ ಮಿಲ್ ಕಡೆಯಿಂದಲೇ ಬಂದವನು. ದಪ್ಪ ತಲೆಯ ಗಂಡುಬೆಕ್ಕು, ಒಂದು ಕಿವಿ ಹರಿದಿತ್ತು, ಮೈಮೇಲೆಲ್ಲಾ ಕಚ್ಚಿಸಿಕೊಂಡ ಕಲೆ. ಬಂದ ಮೊದಲ ವರ್ಷದಲ್ಲೇ ಮೂರು ಸಲ ಬಾವಾಯಿತು, ಎರಡು ಸಲ ಕಣ್ಣು ಮೂಗು ಸೋರಿ ಮಲಗಿಬಿಟ್ಟ, ಒಸಡಂತೂ ಯಾವಾಗ ನೋಡಿದರೂ ಕೆಂಪು. ಔಷಧಿ ಹಾಕಿದಾಗ ವಾಸಿ, ನಿಲ್ಲಿಸಿದರೆ ಮತ್ತೆ ಅದೇ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಫ್‌ಐವಿ, ಅಂದರೆ ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ವೈರಸ್, ಇದೆ ಅಂತ ಗೊತ್ತಾಯಿತು.

ನಿಮ್ಮ ಬೆಕ್ಕೂ ಹೀಗೆ ಪದೇ ಪದೇ ಹುಷಾರು ತಪ್ಪುತ್ತಿದ್ದರೆ, ಸೊರಗುತ್ತಿದ್ದರೆ, ಬಾಯಿ ವಾಸನೆ ಬಂದು ಜೊಲ್ಲು ಸುರಿಯುತ್ತಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಒಂದೆರಡು ಹನಿ ರಕ್ತ ಸಾಕು, ಕಿಟ್‌ನಲ್ಲಿ ಹತ್ತು ನಿಮಿಷದಲ್ಲಿ ಎಫ್‌ಐವಿ, ಎಫ್‌ಇಎಲ್‌ವಿ (ಬೆಕ್ಕಿನ ಲ್ಯುಕೇಮಿಯಾ ವೈರಸ್) ಎರಡೂ ನೋಡಬಹುದು. ಎಲ್ಲ ಕಡೆ ಕಿಟ್ ಇಟ್ಟಿರುವುದಿಲ್ಲ. ಹಾಗಾಗಿ ಹೊಸಪೇಟೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ, ಬೆಕ್ಕನ್ನು ಬಸ್ಸಿನಲ್ಲಿ ಸುಮ್ನೆ ಅಲೆದಾಡಿಸಬೇಡಿ. ಆರು ತಿಂಗಳೊಳಗಿನ ಮರಿಗೆ ಎಫ್‌ಐವಿ ಪಾಸಿಟಿವ್ ಬಂದರೆ ಎದೆಗುಂದಬೇಡಿ. ತಾಯಿಯಿಂದ ಬಂದ ಪ್ರತಿಕಾಯಗಳು (ವೈರಸ್ ವಿರುದ್ಧ ಹೋರಾಡಲು ಮೈ ತಯಾರಿಸುವ ವಸ್ತು) ಮರಿಯ ಮೈಯಲ್ಲಿ ಉಳಿದಿದ್ದರೂ ಹಾಗೆ ತೋರಿಸುತ್ತದೆ. ಆರು ತಿಂಗಳು ದಾಟಿದ ಮೇಲೆ ಮತ್ತೊಮ್ಮೆ ಮಾಡಿಸಬೇಕು.

ಎಫ್‌ಐವಿ ಅಂದಾಗ ನಮ್ಮ ಓಣಿಯವರು ಹೆದರಿ ಮಕ್ಕಳನ್ನು ನಮ್ಮ ಮನೆಗೆ ಕಳಿಸುವುದನ್ನೇ ಬಿಟ್ಟಿದ್ದರು. ಇದು ಎಚ್‌ಐವಿಯ ಬಳಗದ್ದು ನಿಜ, ಆದರೆ ಬೆಕ್ಕಿನಿಂದ ಮನುಷ್ಯರಿಗೆ ಬರುವುದಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲುಮಾ ಊರಿನ ಬೆಕ್ಕುಗಳಲ್ಲಿ ಮೊದಲು ಸಿಕ್ಕ ವೈರಸ್ ಇದು. ಹೆಚ್ಚಾಗಿ ಹರಡುವುದು ಜಗಳದಲ್ಲಿ ಆಳವಾಗಿ ಕಚ್ಚಿದಾಗ. ಎಫ್‌ಇಎಲ್‌ವಿ 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಮತ್ತು ಜೊತೆಗಾರರಿಗೆ ಸಿಕ್ಕಿದ್ದು. ಅದು ಎಂಜಲಿನಿಂದ ಹರಡುತ್ತದೆ. ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆಯಲ್ಲಿ ತಿನ್ನುವುದು, ತಾಯಿಯಿಂದ ಮರಿಗೆ. ಅದೂ ನಮಗೆ ಹತ್ತುವುದಿಲ್ಲ.

ಈ ಎರಡೂ ಬೆಕ್ಕಿನ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ. ಬೇರೆ ಬೆಕ್ಕು ಒಂದು ವಾರದಲ್ಲಿ ಸುಧಾರಿಸಿಕೊಳ್ಳುವ ನೆಗಡಿ ನಮ್ಮ ಬೂದ್ಯಾನಂಥವನ ಜೀವಕ್ಕೇ ಬರಬಹುದು. ಹಾಗಾಗಿ ನಮ್ಮ ಕೆಲಸ ಇಷ್ಟೇ: ಹೊರಗಿನ ಸೋಂಕು ಒಳಗೆ ಬರದ ಹಾಗೆ ನೋಡಿಕೊಳ್ಳುವುದು, ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಓಡುವುದು. "ನಾಳೆ ನೋಡೋಣ" ಅನ್ನುವ ಮಾತು ಈ ಬೆಕ್ಕುಗಳಿಗೆ ಆಗಿಬರುವುದಿಲ್ಲ.

ಮೊದಲು ಮನೆಯೊಳಗೇ ಇಡುವುದು ರೂಢಿ ಮಾಡಿ. ಬೇಸಿಗೆಯಲ್ಲಿ ಬಾಗಿಲು ತೆಗೆದಿಟ್ಟು, ಮಾಳಿಗೆ ಮೇಲೆ ಮಲಗುವ ನಮ್ಮ ಕಡೆ ಇದು ಕಷ್ಟ ಅಂತ ಗೊತ್ತು. ನಾವು ಕಿಟಕಿಗೆ ಗಟ್ಟಿ ಜಾಳಿಗೆ ಹಾಕಿಸಿದೆವು, ಮಾಳಿಗೆ ಮೆಟ್ಟಿಲಿಗೆ ಬಾಗಿಲು ಇಡಿಸಿದೆವು. ಮೊದಲ ಹದಿನೈದು ದಿನ ರಾತ್ರಿಯೆಲ್ಲಾ ಕೂಗಿದ, ಅವ್ವ "ಪಾಪ, ಬಿಡಪಾ ಅದನ್ನ" ಅಂತ ಬೈದಳು. ಆಮೇಲೆ ಕೂಲರ್ ಮುಂದೆ ಜಾಗ ಹುಡುಕಿಕೊಂಡು ಸುಮ್ಮನಾದ. ಗಂಡುಬೆಕ್ಕಾದರೆ ಸಂತಾನಹರಣ ಆಪರೇಷನ್ ಮಾಡಿಸಿ, ಜಗಳ ಬಹಳ ಕಮ್ಮಿಯಾಗುತ್ತದೆ. ಇದರಿಂದ ನಿಮ್ಮ ಬೆಕ್ಕಿನ ವೈರಸ್ ಓಣಿಯ ಬೇರೆ ಬೆಕ್ಕುಗಳಿಗೆ ಹೋಗುವುದೂ ತಪ್ಪುತ್ತದೆ, ಅಲ್ವಾ?

ಲಸಿಕೆ ವಿಷಯದಲ್ಲಿ ಡಾಕ್ಟರ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ, ಇದು ಎಫ್‌ಐವಿ ಬೆಕ್ಕು ಅಂತ. ಲಸಿಕೆಯಲ್ಲಿ ಜೀವಂತ ವೈರಸ್‌ನ ಬಲ ಕುಗ್ಗಿಸಿ ಹಾಕಿದ್ದೂ ಇರುತ್ತದೆ, ಸತ್ತ ವೈರಸ್ ಹಾಕಿದ್ದೂ ಇರುತ್ತದೆ. ಇಂಥ ಬೆಕ್ಕಿಗೆ ಸಿಕ್ಕರೆ ಎರಡನೆಯದೇ ಒಳ್ಳೆಯದು. ರೇಬೀಸ್ ಲಸಿಕೆಯನ್ನಂತೂ ತಪ್ಪಿಸಲೇಬೇಡಿ.

ಈಗ ಯಾವ ಸೋಂಕಿಗೆ ಏನು ಮಾಡಬೇಕು ಅಂತ. ಬೆಕ್ಕಿನ ನೆಗಡಿಯ ಹಿಂದೆ ಹೆಚ್ಚಾಗಿ ಎರಡು ವೈರಸ್. ಹರ್ಪಿಸ್ ಕಣ್ಣು, ಮೂಗಿಗೆ ಬರುತ್ತದೆ. ಕ್ಯಾಲಿಸಿ ಬಂದರೆ ನಾಲಿಗೆ ಮೇಲೆ ಹುಣ್ಣು. ಹರ್ಪಿಸ್ ಒಮ್ಮೆ ಬಂದರೆ ಮೈಯಲ್ಲೇ ಅಡಗಿ ಕೂತಿರುತ್ತದೆ, ಬೆಕ್ಕು ಹೆದರಿದಾಗ, ಮನೆಯಲ್ಲಿ ಮದುವೆ ಗದ್ದಲ ಆದಾಗ, ಜಾಗ ಬದಲಾಯಿಸಿದಾಗ ಮತ್ತೆ ಮೇಲೆ ಏಳುತ್ತದೆ. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಿ, ಪ್ರತಿ ಕಣ್ಣಿಗೂ ಬೇರೆ ಹತ್ತಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಹತ್ತದಿದ್ದರೆ ಅದು ಊಟ ಮುಟ್ಟುವುದಿಲ್ಲ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ, ಆಮೇಲೆ ಬೇಯಿಸಿದ ಮೀನನ್ನೋ ಕೋಳಿಯನ್ನೋ ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಸಾರಿನ ತುಂಡು ಬೇಡ, ಅವು ಬೆಕ್ಕಿನ ರಕ್ತ ಕೆಡಿಸುತ್ತವೆ. ಹಸಿ ಮಾಂಸ, ಹಸಿ ಹಾಲೂ ಬೇಡ. ಮನೆಯಲ್ಲಿ ಉಳಿದ ಕಣ್ಣಿನ ಹನಿ ಹಾಕುವ ಅಭ್ಯಾಸ ಬಿಟ್ಟುಬಿಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಬೆಕ್ಕಿಗೆ ಇರುವುದು ಹರ್ಪಿಸ್ ಹುಣ್ಣಾಗಿದ್ದರೆ ಕಣ್ಣೇ ಹೋಗಬಹುದು.

ಬೂದ್ಯಾನಿಗೆ ಜ್ವರ ಬಂದಾಗ ಒಬ್ಬರು ನನಗೆ "ಅರ್ಧ ಪ್ಯಾರಾಸಿಟಮಾಲ್ ಕೊಡ್ರಿ, ಇಳೀತದ" ಅಂದಿದ್ದರು. ಪುಣ್ಯಕ್ಕೆ ಕೊಡಲಿಲ್ಲ. ಬೆಕ್ಕಿನ ಲಿವರ್‌ಗೆ ಆ ಔಷಧಿಯನ್ನು ಅರಗಿಸಿ ಹೊರಹಾಕಲು ಬರುವುದಿಲ್ಲ, ಒಂದೇ ಮಾತ್ರೆಗೆ ಜೀವ ಹೋಗಬಹುದು. ಮನುಷ್ಯರ ಯಾವ ಮಾತ್ರೆಯನ್ನೂ ಕೇಳದೆ ಕೊಡಬೇಡಿ. ಜ್ವರ ನೋಡಲು ಒಂದು ಡಿಜಿಟಲ್ ಥರ್ಮಾಮೀಟರನ್ನು ಬೆಕ್ಕಿಗೇ ಬೇರೆ ಇಟ್ಟುಕೊಳ್ಳಿ. ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿ ಇಡಬೇಕು, ಒಬ್ಬರು ಹಿಡಿದುಕೊಂಡರೆ ಸುಲಭ. 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ನಮ್ಮ ಮೇ ತಿಂಗಳ ಮಧ್ಯಾಹ್ನದ ಕಾವಿಗೆ ಸ್ವಲ್ಪ ಮೇಲೆ ತೋರಿಸಬಹುದು, ತಂಪು ಕೋಣೆಯಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ 103 ದಾಟಿದ್ದರೆ ಹೊರಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ಹೊರಡಿ, ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಲು ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಭಯ ಇರುವುದು ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ರೋಗದ ಬಗ್ಗೆ. ವಾಂತಿ, ಭೇದಿ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿರುತ್ತದೆ ಆದರೆ ಕುಡಿಯುವುದಿಲ್ಲ. ಬಿಳಿ ರಕ್ತಕಣಗಳೇ ಕುಸಿದುಬಿಡುತ್ತವೆ. ಇದಕ್ಕೆ ಮನೆಮದ್ದು ಇಲ್ಲ, ಡ್ರಿಪ್ ಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ಈ ವೈರಸ್ ನೆಲದ ಮೇಲೆ ಒಂದು ವರ್ಷದವರೆಗೂ ಬದುಕಬಲ್ಲದು, ನಮ್ಮ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ. ಚಪ್ಪಲಿ ಹೊರಗೇ ಬಿಡಿ, ಬೀದಿ ಬೆಕ್ಕು ಮುಟ್ಟಿ ಬಂದರೆ ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಾಯಿಸಿ.

ನೆಲಕ್ಕೆ ಫಿನಾಯಿಲ್ ಹಾಕುವುದು ನಮ್ಮ ಮನೆಗಳಲ್ಲಿ ದಿನದ ರೂಢಿ. ಬೆಕ್ಕು ಅದರ ಮೇಲೆ ನಡೆದು ಪಂಜ ನೆಕ್ಕುತ್ತದೆ, ಅದು ಬೆಕ್ಕಿಗೆ ವಿಷ. ಕಪ್ಪು, ಬಿಳಿ ಎರಡೂ ಬೇಡ. ಮೊದಲು ಸೋಪಿನ ನೀರಿನಲ್ಲಿ ಕೊಳೆ ತೆಗೆಯಿರಿ, ಆಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಒಂದು ಭಾಗಕ್ಕೆ 32 ಭಾಗ ನೀರು, ಅಂದರೆ ಒಂದು ಲೀಟರ್‌ಗೆ ಸುಮಾರು 30 ಮಿಲಿ, ಬೆರೆಸಿ ಹತ್ತು ನಿಮಿಷ ಹಸಿಯಾಗೇ ಬಿಟ್ಟು ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಒಣಗುವ ತನಕ ಬೆಕ್ಕು ಬೇರೆ ಕೋಣೆಯಲ್ಲಿ ಇರಲಿ.

ಏನೂ ಆಗಿಲ್ಲ ಅಂದರೂ ಆರು ತಿಂಗಳಿಗೊಮ್ಮೆ ಡಾಕ್ಟರ್‌ಗೆ ತೋರಿಸಿ. ಮನೆಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ, ಬೆಕ್ಕನ್ನು ಎತ್ತಿಕೊಂಡು ನೀವು ತಕ್ಕಡಿ ಮೇಲೆ ನಿಂತು ನಿಮ್ಮ ತೂಕ ಕಳೆದರಾಯಿತು. ಮೈ ಸವರುವಾಗ ಬೆರಳಿಗೆ ಗಂಟು ಸಿಗುತ್ತದಾ ನೋಡಿ. ಕಚ್ಚಿದ ಗಾಯದ ತೂತು ಮೇಲೆ ಬೇಗ ಮುಚ್ಚಿಕೊಂಡು, ಮೂರ್ನಾಲ್ಕು ದಿನಕ್ಕೆ ಒಳಗೆ ಕೀವು ತುಂಬಿರುತ್ತದೆ. ಅರಿಶಿಣ ಮೆತ್ತಿ ಬಿಡುವ ಗಾಯ ಅಲ್ಲ ಅದು.

ಮನೆಯಲ್ಲಿ ಇನ್ನೊಂದು ಬೆಕ್ಕು ಇದ್ದರೆ? ಎಫ್‌ಐವಿ ಬೆಕ್ಕು ಜಗಳ ಆಡದೆ ಹೊಂದಿಕೊಂಡಿದ್ದರೆ ಜೊತೆಗೆ ಇರಬಹುದು, ನಮ್ಮ ಬೂದ್ಯಾ ಮತ್ತು ಚಿನ್ನಿ ಹಾಗೇ ಇದ್ದಾರೆ. ಎಫ್‌ಇಎಲ್‌ವಿ ಆದರೆ ಕೋಣೆ, ತಟ್ಟೆ, ಮಣ್ಣಿನ ಟ್ರೇ ಎಲ್ಲಾ ಬೇರೆ. ಹೊಸ ಮರಿಯನ್ನು ಪರೀಕ್ಷೆ, ಲಸಿಕೆ ಆಗುವ ತನಕ ಒಳಗೆ ಸೇರಿಸಬೇಡಿ. ಮಿಲ್ ಗೋಡೆ ಪಕ್ಕ ಕೂಗುತ್ತಿದ್ದ ಮರಿಯೊಂದನ್ನು ನಾನು ಹೋದ ತಿಂಗಳು ತಂದೆ, ಅದು ಈಗಲೂ ಪಕ್ಕದ ಅಕ್ಕನ ಮನೆಯಲ್ಲಿದೆ. ದಿನಾ ಬೂದ್ಯಾನ ಕೆಲಸ ಮುಗಿಸಿದ ಮೇಲೆ ಅಲ್ಲಿಗೆ ಹೋಗಿ ಊಟ ಕೊಟ್ಟು, ಕೈಕಾಲು ತೊಳೆದುಕೊಂಡು ಬರುತ್ತೇನೆ.