ರೆಕಾರ್ಡೆಡ್ ಶೋಕೇಸಾ, ಲೈವ್ ಈವೆಂಟಾ? ಗೇಮ್ ಶೋ ನೋಡುವಾಗ ಕಣ್ಣು ಎಲ್ಲಿಡ್ಬೇಕು

ಹೊಸ ಗೇಮ್ ತೋರಿಸೋಕೆ ಕಂಪನಿಗಳ ಹತ್ರ ಈಗ ಎರಡು ದಾರಿ ಇದೆ. ಒಂದು, ಮುಂಚೆನೇ ಶೂಟ್ ಮಾಡಿ, ಎಡಿಟ್ ಮಾಡಿ, ಮ್ಯೂಸಿಕ್ ಹಾಕಿ, ಟೈಮ್ ಫಿಕ್ಸ್ ಮಾಡಿ ಯೂಟ್ಯೂಬಿಗೆ ಬಿಡೋ ವಿಡಿಯೋ. ಇನ್ನೊಂದು ಸ್ಟೇಜು, ಮೈಕು, ಎದುರುಗಡೆ ಸಾವಿರಾರು ಜನ ಇರೋ ಲೈವ್ ಈವೆಂಟು. ಯಾವ್ದು ಮೇಲು ಅಂತ ಕಿತ್ತಾಡೋರು ಪ್ರತಿ ಜೂನಲ್ಲೂ ಸಿಗ್ತಾರೆ. ನಾನು ಹೇಳೋದು ಇಷ್ಟೇ, ಎರಡೂ ಜಾಹೀರಾತೇ, ಆದ್ರೆ ನಿಜ ಹೊರಗೆ ಸೋರೋ ಜಾಗ ಎರಡರಲ್ಲೂ ಬೇರೆ ಬೇರೆ, ಅದು ಎಲ್ಲಿ ಅಂತ ಗೊತ್ತಿದ್ರೆ ದುಡ್ಡೂ ಉಳಿಯತ್ತೆ, ಆಸೆಪಟ್ಟು ಆಮೇಲೆ ಬೈಕೊಳ್ಳೋದೂ ತಪ್ಪತ್ತೆ.

ಹಿನ್ನೆಲೆ ಚೂರು ಗೊತ್ತಿರ್ಲಿ. 1995ರಲ್ಲಿ ಲಾಸ್ ಏಂಜಲೀಸಲ್ಲಿ ಇ3 ಅನ್ನೋ ದೊಡ್ಡ ಗೇಮ್ ಮೇಳ ಶುರುವಾಯ್ತು. ಆ ಮೊದಲ ಇ3ನಲ್ಲೇ ಸೆಗಾದವ್ರು ಸ್ಯಾಟರ್ನ್ ಕನ್ಸೋಲಿಗೆ (ಟಿವಿಗೆ ಹಾಕಿ ಗೇಮ್ ಆಡೋ ಮಷೀನು) 399 ಡಾಲರ್ ಅಂದ್ರು, ಆಮೇಲೆ ಸೋನಿ ಕಡೆಯಿಂದ ಸ್ಟೀವ್ ರೇಸ್ ಅನ್ನೋರು ಮೈಕ್ ಮುಂದೆ ಬಂದು "299" ಅಂತ ಹೇಳಿ ಹೋಗ್ಬಿಟ್ರು, ಅಷ್ಟೇ ಭಾಷಣ. ಲೈವ್ ಈವೆಂಟ್ ಅಂದ್ರೆ ಜನಕ್ಕೆ ಇವತ್ತಿಗೂ ಹುಚ್ಚು ಯಾಕೆ ಅಂತ ಇದೊಂದ್ರಲ್ಲೇ ಅರ್ಥ ಆಗತ್ತೆ. 2011ರ ಅಕ್ಟೋಬರಲ್ಲಿ ನಿಂಟೆಂಡೊದವ್ರು ನಿಂಟೆಂಡೊ ಡೈರೆಕ್ಟ್ ಅಂತ ರೆಕಾರ್ಡೆಡ್ ವಿಡಿಯೋ ಶುರು ಮಾಡಿದ್ರು, 2013ಕ್ಕೆ ಇ3ಯ ದೊಡ್ಡ ಸ್ಟೇಜ್ ಪ್ರೆಸ್ ಕಾನ್ಫರೆನ್ಸನ್ನೇ ಬಿಟ್ರು. 2019ರಲ್ಲಿ ಸೋನಿನೂ ಇ3ಗೆ ಬರದೆ ಸ್ಟೇಟ್ ಆಫ್ ಪ್ಲೇ ಅನ್ನೋ ತನ್ನದೇ ರೆಕಾರ್ಡೆಡ್ ವಿಡಿಯೋ ತಂತು. ಆಮೇಲೆ ಕೊರೋನಾ ಬಂತು, 2023ರ ಡಿಸೆಂಬರಲ್ಲಿ ಇ3 ಇನ್ನು ಇಲ್ಲವೇ ಇಲ್ಲ ಅಂತ ಅನೌನ್ಸ್ ಆಯ್ತು. ಈಗ ಉಳಿದಿರೋದ್ರಲ್ಲಿ ದೊಡ್ಡವು ಜೂನ್ ಹೊತ್ತಿಗೆ ಸಮ್ಮರ್ ಗೇಮ್ ಫೆಸ್ಟ್ ಮತ್ತೆ ಎಕ್ಸ್‌ಬಾಕ್ಸ್ ಶೋಕೇಸ್, ಆಗಸ್ಟಲ್ಲಿ ಜರ್ಮನಿಯ ಕಲೋನಲ್ಲಿ ಗೇಮ್ಸ್‌ಕಾಮ್, ಸೆಪ್ಟೆಂಬರ್ ಹೊತ್ತಿಗೆ ಟೋಕಿಯೋ ಗೇಮ್ ಶೋ, ಡಿಸೆಂಬರಲ್ಲಿ ದ ಗೇಮ್ ಅವಾರ್ಡ್ಸ್. ಡೈರೆಕ್ಟು, ಸ್ಟೇಟ್ ಆಫ್ ಪ್ಲೇ ಎಲ್ಲಾ ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ ಹೇಳಿ ದಿಢೀರಂತ ಬರತ್ತೆ.

ಶೋ ಶುರುವಾಗೋಕೆ ಮುಂಚೆ

ಮೊದಲು ಅದು ಯಾವ ಜಾತಿ ಶೋ ಅಂತ ನೋಡ್ಕೊಳ್ಳಿ. ಯೂಟ್ಯೂಬಲ್ಲಿ ಕೆಂಪಕ್ಷರದಲ್ಲಿ ಲೈವ್ ಅಂತಿದ್ದ ಮಾತ್ರಕ್ಕೆ ಲೈವ್ ಅಲ್ಲ, ಎಷ್ಟೋ ಸಲ ಅದು ರೆಡಿ ಇರೋ ವಿಡಿಯೋನ ಎಲ್ಲರಿಗೂ ಒಟ್ಟಿಗೆ ಪ್ಲೇ ಮಾಡೋದಷ್ಟೇ. ಸಮ್ಮರ್ ಗೇಮ್ ಫೆಸ್ಟ್, ಗೇಮ್ ಅವಾರ್ಡ್ಸ್ ಥರದವು ಮಿಕ್ಸು, ಅವನ್ನ ನಡೆಸೋ ಜೆಫ್ ಕೀಲಿ ಸ್ಟೇಜ್ ಮೇಲೆ ಲೈವಾಗಿ ನಿಂತಿರ್ತಾರೆ, ಆದ್ರೆ ಮಧ್ಯೆ ಬರೋ ಟ್ರೈಲರ್ ಎಲ್ಲಾ ರೆಕಾರ್ಡೆಡ್ಡೇ. ಇನ್ನೊಂದು, ಅಲ್ಲಿ ಬರೋ ಟ್ರೈಲರ್ ಎಲ್ಲಾ ಚೆನ್ನಾಗಿದೆ ಅಂತಲೇ ಬಂದಿರೋದು ಅಂದ್ಕೋಬೇಡಿ. ಸಮ್ಮರ್ ಗೇಮ್ ಫೆಸ್ಟಲ್ಲಿ ಒಂದು ನಿಮಿಷದ ಜಾಗಕ್ಕೆ 2,50,000 ಡಾಲರ್ ಅಂತ 2024ರಲ್ಲಿ ಎಸ್ಕ್ವೈರ್ ಪತ್ರಿಕೆ ವರದಿ ಮಾಡಿತ್ತು. ಫ್ರೀ ಆಗಿ ಜಾಗ ಸಿಗೋ ಗೇಮುಗಳೂ ಇರ್ತವೆ, ಆದ್ರೆ ಯಾವ್ದು ಫ್ರೀ ಯಾವ್ದು ದುಡ್ಡು ಕೊಟ್ಟಿದ್ದು ಅಂತ ನೋಡೋರಿಗೆ ಗೊತ್ತಾಗಲ್ಲ.

ಎರಡನೇದು ಅನೌನ್ಸ್‌ಮೆಂಟ್ ಪೋಸ್ಟನ್ನ ಪೂರ್ತಿ ಓದಿ. ರೆಕಾರ್ಡೆಡ್ ಶೋ ಆದ್ರೆ ಎಷ್ಟು ನಿಮಿಷ, ಯಾವ ಥರ ಗೇಮು, ಏನಿರಲ್ಲ ಅನ್ನೋದನ್ನೂ ಬಹಳಷ್ಟು ಸಲ ಅಲ್ಲೇ ಬರ್ದಿರ್ತಾರೆ. 2024ರ ಜೂನ್ ಡೈರೆಕ್ಟಿಗೆ ಮುಂಚೆ, ಸ್ವಿಚ್ ನಂತರದ ಕನ್ಸೋಲ್ ಬಗ್ಗೆ ಅದ್ರಲ್ಲಿ ಮಾತೇ ಇರಲ್ಲ ಅಂತ ನಿಂಟೆಂಡೊ ಅಧ್ಯಕ್ಷ ಫುರುಕಾವಾ ಅವ್ರೇ ಹೇಳಿದ್ರು. ಇಷ್ಟು ಸ್ಪಷ್ಟವಾಗಿ ಹೇಳಿದ್ಮೇಲೂ ಚಾಟಲ್ಲಿ ಹೊಸ ಕನ್ಸೋಲ್ ಎಲ್ಲಿ ಅಂತ ಕೂಗೋರು ಇದ್ದೇ ಇರ್ತಾರೆ, ಅವರಿಗೆ ಯಾರೂ ಏನೂ ಮಾಡೋಕಾಗಲ್ಲ.

ಟೈಮ್ ವಿಷ್ಯ ಬೇಗ ಹೇಳ್ಬಿಡ್ತೀನಿ. ಪೆಸಿಫಿಕ್ ಟೈಮ್ ಅಂತ ಹಾಕಿದ್ರೆ ಬೇಸಿಗೆಯಲ್ಲಿ ಯುಟಿಸಿಗಿಂತ (ಜಗತ್ತಿನ ಸ್ಟ್ಯಾಂಡರ್ಡ್ ಟೈಮ್) 7 ಗಂಟೆ ಹಿಂದೆ, ಚಳಿಗಾಲದಲ್ಲಿ 8 ಗಂಟೆ ಹಿಂದೆ, ಜಪಾನ್ ಟೈಮ್ ವರ್ಷಪೂರ್ತಿ 9 ಗಂಟೆ ಮುಂದೆ. ಎಲ್ಲಕ್ಕಿಂತ ಸುಲಭ ಅಂದ್ರೆ ಯೂಟ್ಯೂಬ್ ಲಿಂಕಿಗೆ ಹೋಗಿ ರಿಮೈಂಡರ್ ಒತ್ತೋದು, ಅದು ನಿಮ್ಮ ಟೈಮಲ್ಲೇ ತೋರ್ಸತ್ತೆ.

ರೆಕಾರ್ಡೆಡ್ ಶೋ ಆದ್ರೆ ಸಣ್ಣಕ್ಷರ ಓದಿ

ಇಲ್ಲಿ ತಪ್ಪು ಆಗೋಕೆ ಚಾನ್ಸೇ ಇಲ್ಲ, ಪ್ರತಿ ಫ್ರೇಮನ್ನೂ ಯಾರೋ ಒಬ್ರು ನೋಡಿ ಓಕೆ ಅಂದಿರ್ತಾರೆ. ಹಾಗಾಗಿ ನಿಜ ಇರೋದು ಎರಡೇ ಕಡೆ, ಸ್ಕ್ರೀನಿನ ಕೆಳಗಡೆ ಬರೋ ಸಣ್ಣಕ್ಷರದಲ್ಲಿ, ಮತ್ತೆ ಅವ್ರು ಹೇಳದೇ ಬಿಟ್ಟಿದ್ರಲ್ಲಿ.

ಪ್ರೀ-ರೆಂಡರ್ಡ್ ಅಂತ ಬರ್ದಿದ್ರೆ ಅದು ಅನಿಮೇಷನ್ ಸಿನಿಮಾ ಇದ್ದಂಗೆ, ಗೇಮಿಗೂ ಅದಕ್ಕೂ ಕಥೆ, ಪಾತ್ರ ಬಿಟ್ರೆ ಬೇರೆ ಸಂಬಂಧ ಇರ್ಬೇಕು ಅಂತೇನಿಲ್ಲ. ಇನ್-ಎಂಜಿನ್ ಅಂದ್ರೆ ಗೇಮಿನ ಎಂಜಿನಲ್ಲೇ (ಗೇಮ್ ಓಡಿಸೋ ಸಾಫ್ಟ್‌ವೇರು) ಮಾಡಿದ್ದು, ಆದ್ರೆ ನೀವು ಆಡುವಾಗ ಹಿಂಗೇ ಕಾಣ್ಸತ್ತೆ ಅಂತಲ್ಲ, ಕ್ಯಾಮೆರಾ ಬೇಕಾದ ಕಡೆ ಇಟ್ಟು ಲೈಟಿಂಗ್ ಜಾಸ್ತಿ ಮಾಡಿ ಬೇಕಾದ್ರೆ ನಿಧಾನಕ್ಕೆ ರೆಂಡರ್ ಮಾಡಿರ್ಬೋದು, ಜನ ಜಾಸ್ತಿ ಬೇಸ್ತು ಬೀಳೋದು ಈ ಪದಕ್ಕೇನೇ. ಗೇಮ್‌ಪ್ಲೇ ಅಂತ ಬರ್ದು ಜೊತೆಗೆ ಯಾವ ಕನ್ಸೋಲಲ್ಲಿ ಹಿಡಿದಿದ್ದು ಅಂತಾನೂ ಹಾಕಿದ್ರೆ ಅದಕ್ಕೆ ಸ್ವಲ್ಪ ಬೆಲೆ ಕೊಡಿ. 2025ರ ಮೇನಲ್ಲಿ ಜಿಟಿಎ 6 ಎರಡನೇ ಟ್ರೈಲರ್ ಬಂದಾಗ ಇದು ಸೋನಿಯ ಪಿಎಸ್5 ಕನ್ಸೋಲಲ್ಲೇ ಹಿಡಿದಿದ್ದು, ಅರ್ಧ ಗೇಮ್‌ಪ್ಲೇ ಅರ್ಧ ಕಟ್‌ಸೀನ್ (ಆಡೋಕಾಗದ, ಬರೀ ನೋಡೋ ಕಥೆಯ ದೃಶ್ಯ) ಅಂತ ಅದನ್ನ ಮಾಡೋ ರಾಕ್‌ಸ್ಟಾರ್ ಕಂಪನಿ ಬಾಯಿಬಿಟ್ಟು ಹೇಳ್ತು, ಹಂಗೆ ಹೇಳೋರು ಕಮ್ಮಿ. ಇದಕ್ಕೆ ತದ್ವಿರುದ್ಧ 2005ರ ಕಿಲ್‌ಝೋನ್ 2, ಇ3 ಸ್ಟೇಜಲ್ಲಿ ತೋರ್ಸಿದ ವಿಡಿಯೋ ನೋಡಿ ಜನ ಅದೇ ಗೇಮು ಅಂದ್ಕೊಂಡ್ರು, ಆಮೇಲೆ ಗೊತ್ತಾಯ್ತು ಅದು ಪ್ರೀ-ರೆಂಡರ್ಡ್ ಅಂತ. ಅಂದ್ರೆ ಲೈವ್ ಸ್ಟೇಜ್ ಮೇಲೆ ಓಡಿಸಿದ್ರೂ ವಿಡಿಯೋ ವಿಡಿಯೋನೇ.

ಸಣ್ಣಕ್ಷರನೇ ಇಲ್ದಿದ್ರೆ ಏನ್ ಮಾಡೋದು? ಹೆಲ್ತ್ ಬಾರು, ಬಟನ್ ಸೂಚನೆ, ಮ್ಯಾಪು ಕಾಣ್ತಿದ್ಯಾ ನೋಡಿ. ಒಂದೇ ಶಾಟ್ ಹತ್ತು ಸೆಕೆಂಡಾದ್ರೂ ಕಟ್ ಇಲ್ದೆ ಓಡ್ತಾ? ಆಡೋರು ತಿರುಗಿದಾಗ ಕ್ಯಾಮೆರಾನೂ ಸ್ವಲ್ಪ ತಡವಾಗಿ, ಸ್ವಲ್ಪ ಒಡ್ಡೊಡ್ಡಾಗಿ ತಿರುಗತ್ತಾ? ಇದ್ಯಾವ್ದೂ ಇಲ್ದೆ ಬರೀ ಎರಡೆರಡು ಸೆಕೆಂಡಿನ ಕಟ್ಟು, ಹಿಂದೆ ಧಂ ಧಂ ಮ್ಯೂಸಿಕ್ಕು ಅಂದ್ರೆ ದೂರದ ಬೆಟ್ಟ ನುಣ್ಣಗೆ ಅಂತ ನೆನಪು ಮಾಡ್ಕೊಳ್ಳಿ.

ಗ್ರಾಫಿಕ್ಸ್ ಬಗ್ಗೆ ಮಾತ್ರ ಸ್ಟ್ರೀಮ್ ನೋಡಿ ತೀರ್ಪು ಕೊಡ್ಬೇಡಿ, ಹೊಗಳೋದೂ ಬೇಡ ತೆಗಳೋದೂ ಬೇಡ. ಲೈವ್ ಸ್ಟ್ರೀಮಲ್ಲಿ ಕಂಪ್ರೆಶನ್ (ವಿಡಿಯೋ ಸೈಜ್ ಕುಗ್ಗಿಸೋದು) ಜೋರಾಗಿರತ್ತೆ, ಮಳೆ, ಹುಲ್ಲು, ಕಿಡಿ ಥರದ್ದು ಬಂದ ತಕ್ಷಣ ಎಲ್ಲಾ ಕಲಸಿಹೋಗತ್ತೆ, ಅದನ್ನ ನೋಡಿ ಗೇಮೇ ಹಂಗಿದೆ ಅಂತ ಬೈಯೋದು ಅನ್ಯಾಯ. ಶೋ ಮುಗಿದ್ಮೇಲೆ ಅದೇ ಟ್ರೈಲರ್ ಕಂಪನಿ ಚಾನೆಲಲ್ಲಿ ಬೇರೆಯಾಗಿ ಬರತ್ತೆ, ಅದ್ರಲ್ಲಿ 4ಕೆ ಆಪ್ಷನ್ ಬರೋವರೆಗೂ ಕಾದು ನೋಡಿ.

ಇನ್ನು ಹೇಳದೇ ಬಿಟ್ಟಿದ್ದು. ಇದನ್ನ ಹುಡುಕೋಕೆ ಒಂದು ಅಭ್ಯಾಸ ಸಾಕು, ವಿಡಿಯೋ ಮುಗಿದ ತಕ್ಷಣ ಕಂಪನಿಯ ಬ್ಲಾಗು, ವೆಬ್‌ಸೈಟು ತೆಗೆದು ಓದೋದು. 2025ರ ಏಪ್ರಿಲ್ 2ರ ಸ್ವಿಚ್ 2 ಡೈರೆಕ್ಟಲ್ಲಿ ಕನ್ಸೋಲು, ಗೇಮು, ಚಾಟ್ ಬಟನ್ನು ಎಲ್ಲಾ ತೋರ್ಸಿದ್ರು, ರೇಟ್ ಮಾತ್ರ ಹೇಳ್ಲಿಲ್ಲ. ಅಮೆರಿಕದ ರೇಟು 449.99 ಡಾಲರು, ಮಾರಿಯೊ ಕಾರ್ಟ್ ವರ್ಲ್ಡ್ ಗೇಮಿಗೆ 79.99 ಡಾಲರು ಅನ್ನೋದು ಗೊತ್ತಾಗಿದ್ದು ವಿಡಿಯೋದ ಹೊರಗಡೆ. ಮಾರನೇ ದಿನ ಅವ್ರ ಟ್ರೀಹೌಸ್ ಲೈವ್ ಸ್ಟ್ರೀಮಲ್ಲಿ ಚಾಟ್ ತುಂಬಾ ರೇಟ್ ಇಳಿಸಿ ರೇಟ್ ಇಳಿಸಿ ಅನ್ನೋದೇ. ಸೋನಿದೂ ಇದೇ ಕಥೆ, 2020ರ ಸೆಪ್ಟೆಂಬರಲ್ಲಿ ಪಿಎಸ್5 ಶೋಕೇಸ್ ಮುಗಿದ್ಮೇಲೆ ಹೊರೈಝನ್ ಫರ್ಬಿಡನ್ ವೆಸ್ಟ್ ಗೇಮು ಹಳೇ ಪಿಎಸ್4ಗೂ ಬರತ್ತೆ ಅನ್ನೋದನ್ನ ಬ್ಲಾಗಲ್ಲಿ ಹಾಕಿದ್ರು. ಒಳ್ಳೇ ಸುದ್ದಿ ವಿಡಿಯೋದಲ್ಲಿ, ಮುಜುಗರದ ಸುದ್ದಿ ಬ್ಲಾಗಲ್ಲಿ. ಸ್ಟೇಜ್ ಇದ್ದಿದ್ರೆ ಕೆಳಗಿಳಿದ ತಕ್ಷಣ ಯಾರಾದ್ರೂ ಪತ್ರಕರ್ತರು ಹಿಡ್ಕೊಂಡು ಕೇಳ್ತಿದ್ರು.

ರಿಲೀಸ್ ಡೇಟ್ ಹೆಂಗೆ ಹೇಳಿದ್ರು ಅನ್ನೋದನ್ನೂ ನೋಡಿ. ತಾರೀಖು ಹಾಕಿದ್ರೆ ಒಂದು ಮಟ್ಟಿಗೆ ನಂಬ್ಬೋದು, ಬರೀ ವರ್ಷ ಹಾಕಿದ್ರೆ ಅರ್ಧ ನಂಬಿ, ಬರೀ ಲೋಗೋ ತೋರ್ಸಿದ್ರೆ ಮರ್ತುಬಿಡಿ. ಮೆಟ್ರಾಯ್ಡ್ ಪ್ರೈಮ್ 4 ಲೋಗೋ ಬಂದಿದ್ದು 2017ರಲ್ಲಿ, 2019ರಲ್ಲಿ ಕೆಲಸ ಮೊದಲಿಂದ ಮತ್ತೆ ಶುರು ಮಾಡ್ತಿದೀವಿ ಅಂತ ಒಂದು ವಿಡಿಯೋ ಬಂತು (ಅಷ್ಟು ನೇರವಾಗಿ ಒಪ್ಕೊಂಡಿದ್ದಕ್ಕೆ ಮೆಚ್ಚಲೇಬೇಕು), ಗೇಮ್ ಕೈಗೆ ಸಿಕ್ಕಿದ್ದು 2025ರ ಡಿಸೆಂಬರಲ್ಲಿ. ಎಲ್ಡರ್ ಸ್ಕ್ರೋಲ್ಸ್ 6 ಅಂತ ಒಂದು ಬೆಟ್ಟದ ಸಾಲು ತೋರ್ಸಿದ್ದು 2018ರ ಇ3ನಲ್ಲಿ, ಅದನ್ನ ನೋಡಿ ಪೀಸಿ ಅಪ್‌ಗ್ರೇಡ್ ಮಾಡಿಸ್ಕೊಂಡೋರು ಈಗಾಗ್ಲೇ ಇನ್ನೊಂದ್ಸಲ ಮಾಡಿಸ್ಕೊಂಡಿರ್ತಾರೆ.

ಇಷ್ಟೆಲ್ಲಾ ಹೇಳಿದೆ ಅಂತ ರೆಕಾರ್ಡೆಡ್ ಶೋ ಕೆಟ್ಟದ್ದು ಅಂತಲ್ಲ. ಮಾಹಿತಿ ಬೇಕು, ಟೈಮ್ ಕಮ್ಮಿ ಇದೆ ಅನ್ನೋರಿಗೆ ಇದೇ ಸರಿ, ಅರ್ಧ ಗಂಟೇಲಿ ಹತ್ತಿಪ್ಪತ್ತು ಗೇಮ್ ನೋಡಿ ಎದ್ದು ಹೋಗ್ಬೋದು. ಸ್ಟೇಜ್ ಹತ್ತೋ ತಾಕತ್ತಿಲ್ಲದ ಚಿಕ್ಕ ಟೀಮುಗಳಿಗೂ ಜಾಗ ಸಿಗತ್ತೆ. 2023ರ ಜನವರಿಯಲ್ಲಿ ಹೈ-ಫೈ ರಶ್ ಅನ್ನೋ ಗೇಮನ್ನ ಎಕ್ಸ್‌ಬಾಕ್ಸಿನ ವಿಡಿಯೋದಲ್ಲೇ ಮೊದಲ ಸಲ ತೋರ್ಸಿ ಅವತ್ತೇ ರಿಲೀಸ್ ಮಾಡಿದ್ರು, ಕಾಯ್ಸೋದು ಇಲ್ಲ ಬಿಲ್ಡಪ್ಪೂ ಇಲ್ಲ. 2015ರಲ್ಲಿ ನಿಂಟೆಂಡೊದ ದೊಡ್ಡವರಾದ ಇವಾಟಾ, ಮಿಯಾಮೊಟೊ, ರೆಜಿ ಮೂರೂ ಜನ ಬೊಂಬೆಗಳಾಗಿ ಬಂದಿದ್ದೂ ರೆಕಾರ್ಡೆಡ್ ವಿಡಿಯೋದಲ್ಲೇ, ಅಂಥ ತಮಾಷೆ ಸ್ಟೇಜ್ ಮೇಲೆ ಆಗಲ್ಲ.

ಲೈವ್ ಆದ್ರೆ ಕೈ ನೋಡಿ

ಲೈವಲ್ಲಿ ನಿಜ ಸೋರೋದು ಎಡವಟ್ಟಲ್ಲಿ. 2010ರ ಇ3ನಲ್ಲಿ ಮಿಯಾಮೊಟೊ ಸ್ಟೇಜ್ ಮೇಲೆ ಝೆಲ್ಡಾ ಸ್ಕೈವರ್ಡ್ ಸ್ವೋರ್ಡ್ ಆಡೋಕೆ ಹೋದ್ರು, ಅವ್ರು ಕೈ ಒಂದು ಕಡೆ ಬೀಸಿದ್ರೆ ಕತ್ತಿ ಇನ್ನೊಂದು ಕಡೆ ಹೋಗ್ತಿತ್ತು, ಹಾಲಲ್ಲಿರೋ ವೈರ್‌ಲೆಸ್ ಸಿಗ್ನಲ್ ಅಡ್ಡ ಬಂತು ಅಂದ್ರು. 2015ರಲ್ಲಿ ಸೋನಿ ಶೋನಲ್ಲಿ ಅನ್‌ಚಾರ್ಟೆಡ್ 4 ಡೆಮೋ ಶುರುವಾಯ್ತು, ಗೇಮಿನ ಹೀರೋ ಡ್ರೇಕ್ ಮಾರ್ಕೆಟ್ ಮಧ್ಯೆ ಸುಮ್ನೆ ನಿಂತ್ಬಿಟ್ಟ, ಕೊನೆಗೆ ನಿಲ್ಲಿಸಿ ಮೊದಲಿಂದ ಓಡಿಸ್ಬೇಕಾಯ್ತು. ಕಂಪನಿಗೆ ಅದು ಅವಮಾನ ಇರ್ಬೋದು, ನೋಡೋರಿಗೆ ಮಾತ್ರ ಯಾರೋ ನಿಜವಾಗ್ಲೂ ಕಂಟ್ರೋಲರ್ ಹಿಡ್ಕೊಂಡಿದಾರೆ, ಗೇಮ್ ನಿಜವಾಗ್ಲೂ ಓಡ್ತಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಆದ್ರೆ ಸ್ಟೇಜ್ ಮೇಲೆ ಕಂಟ್ರೋಲರ್ ಹಿಡ್ಕೊಂಡೋರೆಲ್ಲಾ ಆಡ್ತಿದಾರೆ ಅಂತೇನೂ ಅಲ್ಲ. ಬೆರಳು ಅಲ್ಲಾಡೋದಕ್ಕೂ ಸ್ಕ್ರೀನಲ್ಲಿ ಆಗೋದಕ್ಕೂ ತಾಳ ಕೂಡ್ತಾ, ಮಾತಾಡ್ತಾ ಆಡೋ ಮನುಷ್ಯ ಒಂದ್ಸಲನಾದ್ರೂ ಗುರಿ ತಪ್ಪಿದ್ನಾ ನೋಡಿ. ಮತ್ತೆ ನಿಜವಾಗ್ಲೂ ಆಡಿದ್ರೂ ಅದು ವರ್ಟಿಕಲ್ ಸ್ಲೈಸ್ ಇರ್ಬೋದು, ಅಂದ್ರೆ ಇಡೀ ಗೇಮ್ ಇನ್ನೂ ರೆಡಿ ಇಲ್ಲ, ತೋರ್ಸೋಕೆ ಅಂತ ಒಂದು ಹತ್ತು ನಿಮಿಷದ ತುಂಡನ್ನ ಮಾತ್ರ ಫುಲ್ ಪಾಲಿಶ್ ಮಾಡಿರ್ತಾರೆ. 2012ರ ಇ3ನಲ್ಲಿ ವಾಚ್ ಡಾಗ್ಸ್ ನೋಡಿ ಬಾಯಿ ಬಿಟ್ಕೊಂಡು ಕೂತಿದ್ದೋರು 2014ರಲ್ಲಿ ಗೇಮ್ ಬಂದಾಗ ಆ ಮಳೆ, ಆ ಲೈಟಿಂಗ್ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ರು.

ಜನರ ರಿಯಾಕ್ಷನ್ ಇನ್ನೊಂದು. 2018ರಲ್ಲಿ ಬ್ಲಿಝಾರ್ಡ್ ಕಂಪನಿಯ ಬ್ಲಿಝ್‌ಕಾನ್ ಮೇಳದಲ್ಲಿ ಡಯಾಬ್ಲೋ ಇಮ್ಮಾರ್ಟಲ್ ಮೊಬೈಲ್ ಗೇಮ್ ಅಂದಾಗ ಒಬ್ಬ ಎದ್ದು ನಿಂತು ಇದೇನು ಏಪ್ರಿಲ್ ಫೂಲ್ ಜೋಕಾ ಅಂತ ಕೇಳ್ದ, ಜನ ಕೂಗಾಡಿದಾಗ ಡೆವಲಪರ್ ಒಬ್ರು ನಿಮ್ಹತ್ರ ಫೋನ್ ಇಲ್ವಾ ಅಂತ ಕೇಳಿ ಇನ್ನೂ ಸಿಕ್ಕಾಕೊಂಡ್ರು. ರೆಕಾರ್ಡೆಡ್ ವಿಡಿಯೋದಲ್ಲಿ ಆ ಪ್ರಶ್ನೆ ಕೇಳೋಕೆ ಯಾರೂ ಇರ್ತಿರ್ಲಿಲ್ಲ. ಚಪ್ಪಾಳೆ ಶಿಳ್ಳೆನ ಮಾತ್ರ ಜಾಸ್ತಿ ನಂಬ್ಬೇಡಿ, ಹಾಲಲ್ಲಿ ಕಂಪನಿ ಸ್ಟಾಫೂ ಕೂತಿರ್ತಾರೆ. ಮೌನ ಆದ್ರೆ ನಂಬಿ, ಮೌನಕ್ಕೆ ಯಾರೂ ದುಡ್ಡು ಕೊಡಲ್ಲ.

ಲೈವ್ ಈವೆಂಟಿನ ಅಸಲಿ ಲಾಭ ಇರೋದು ಸ್ಟೇಜಲ್ಲಿ ಅಲ್ಲ, ಅದಾದ್ಮೇಲೆ ಶೋ ಫ್ಲೋರಲ್ಲಿ ಜನ ಕೂತು ಆಡ್ತಾರಲ್ಲ ಅಲ್ಲಿ. ಆಡಿ ಬಂದೋರ ಪ್ರಿವ್ಯೂ ಓದುವಾಗ ಚೆನ್ನಾಗಿದೆ ಅಂದ್ರಾ ಇಲ್ವಾ ಅನ್ನೋದನ್ನ ಬಿಡಿ, ಎಷ್ಟು ನಿಮಿಷ ಆಡಿದ್ರು, ಯಾವ ಲೆವೆಲ್ಲು, ಪೀಸಿನಾ ಕನ್ಸೋಲಾ, ಪಕ್ಕದಲ್ಲಿ ಡೆವಲಪರ್ ಕೂತಿದ್ರಾ ಅನ್ನೋದನ್ನ ಹುಡುಕಿ. ಕನ್ಸೋಲಿಗೂ ಬರೋ ಗೇಮನ್ನ ಎಲ್ಲರಿಗೂ ಪೀಸಿಲೇ ಆಡಿಸಿದ್ದಾರೆ ಅಂದ್ರೆ ಕನ್ಸೋಲ್ ವರ್ಷನ್ ಬಗ್ಗೆ ನಿಮಗಿನ್ನೂ ಏನೂ ಗೊತ್ತಿಲ್ಲ ಅಂತಲೇ ಲೆಕ್ಕ. ನೀವೇ ಹೋಗ್ತೀರಾದ್ರೆ ಗೇಮ್ಸ್‌ಕಾಮಲ್ಲೂ ಟೋಕಿಯೋದಲ್ಲೂ ಶುರುವಿನ ದಿನಗಳು ಬಿಸಿನೆಸ್‌ನೋರಿಗೆ ಮೀಸಲಾಗಿರತ್ತೆ, ಟಿಕೆಟ್ ತಗೊಳ್ಳೋಕೆ ಮುಂಚೆ ಪಬ್ಲಿಕ್ ಡೇ ಯಾವ್ದು ಅಂತ ನೋಡಿ, ದೊಡ್ಡ ಗೇಮುಗಳ ಕ್ಯೂ ಗಂಟೆಗಟ್ಲೆ ಇರತ್ತೆ, ಹಾಗಾಗಿ ಬಾಗ್ಲು ತೆಗೆದ ತಕ್ಷಣ ಒಂದು ದೊಡ್ಡದು, ಆಮೇಲೆ ಚಿಕ್ಕ ಸ್ಟಾಲುಗಳು, ಅಲ್ಲಿ ಗೇಮ್ ಮಾಡಿದೋರೇ ನಿಂತಿರ್ತಾರೆ, ಕೇಳಿದ್ದಕ್ಕೆಲ್ಲಾ ಉತ್ತರ ಕೊಡ್ತಾರೆ. ಹೋಗೋಕಾಗಲ್ಲ ಅಂದ್ರೆ ಪೀಸಿ ಗೇಮ್ ಮಾರೋ ಸ್ಟೀಮ್ ಸ್ಟೋರಲ್ಲಿ ವರ್ಷಕ್ಕೆ ಮೂರು ಸಲ ಸ್ಟೀಮ್ ನೆಕ್ಸ್ಟ್ ಫೆಸ್ಟ್ ಬರತ್ತೆ, ನೂರಾರು ಡೆಮೋ ಫ್ರೀ, ಮನೇಲೇ ಕೂತು ಆಡಿ.

ಶೋ ಮುಗೀತು, ದುಡ್ಡು?

ಇಷ್ಟ ಆದ ಗೇಮನ್ನ ವಿಶ್‌ಲಿಸ್ಟಿಗೆ ಹಾಕಿ ಸುಮ್ನಿರಿ. ಡಿಜಿಟಲ್ ಗೇಮ್ ಸ್ಟಾಕ್ ಖಾಲಿ ಆಗಲ್ಲ, ಪ್ರೀಆರ್ಡರ್ ಬೋನಸ್ ಅಂತ ಕೊಡೋ ಟೋಪಿ ಶರ್ಟಿಗೆ ನೂರು ಗಂಟೆಯ ಗೇಮಲ್ಲಿ ಬೆಲೆ ಇಲ್ಲ. 2019ರ ಇ3ನಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ಸ್ಟೇಜಿಗೆ ಬಂದು ಸೈಬರ್‌ಪಂಕ್ 2077ಗೆ 2020ರ ಏಪ್ರಿಲ್ 16 ಅಂತ ಡೇಟ್ ಹೇಳಿದಾಗ ಇಡೀ ಹಾಲ್ ಎದ್ದು ಕೂಗ್ತು, ಅದಕ್ಕಿಂತ ಒಳ್ಳೇ ಲೈವ್ ಕ್ಷಣ ನಾನಂತೂ ನೋಡಿಲ್ಲ. ಗೇಮ್ ಬಂದಿದ್ದು ಡಿಸೆಂಬರ್ 10ಕ್ಕೆ, ಹಳೇ ಕನ್ಸೋಲುಗಳಲ್ಲಿ ಎಂಥ ಸ್ಥಿತಿ ಅಂದ್ರೆ ಸೋನಿ ತನ್ನ ಸ್ಟೋರಿಂದ ಗೇಮನ್ನೇ ತೆಗೆದುಹಾಕಿ ದುಡ್ಡು ವಾಪಸ್ ಕೊಡ್ತು, ಮತ್ತೆ ಸ್ಟೋರಿಗೆ ಬಂದಿದ್ದು 2021ರ ಜೂನಲ್ಲಿ. ರಿಲೀಸಿಗೆ ಮುಂಚೆ ರಿವ್ಯೂ ಬಂದಿರ್ಲಿಲ್ವಾ ಅಂದ್ರೆ ಬಂದಿತ್ತು, ಚೆನ್ನಾಗೇ ಬಂದಿತ್ತು, ಆದ್ರೆ ರಿವ್ಯೂಗೆ ಅಂತ ಕೊಟ್ಟಿದ್ದು ಪೀಸಿ ಕಾಪಿ ಮಾತ್ರ. ಅದಕ್ಕೇ ರಿವ್ಯೂ ತೆಗೆದ ತಕ್ಷಣ ಸ್ಕೋರ್ ನೋಡೋಕೆ ಮುಂಚೆ ಯಾವ ಮಷೀನಲ್ಲಿ ಆಡಿದ್ದು ಅನ್ನೋ ಸಾಲನ್ನ ಹುಡುಕಿ, ಅದು ನಿಮ್ಮನೇಲಿರೋ ಮಷೀನ್ ಅಲ್ಲ ಅಂದ್ರೆ ಇನ್ನೊಂದು ವಾರ ಕಾಯಿರಿ.